ಒಂಬತ್ತನೇ ಪುಟ

ಆ ಪುಸ್ತಕದಂಗಡಿಯಲ್ಲಿ ಮಕ್ಕಳ ವಿಭಾಗ ಎಂದರೆ ಮೆಟ್ಟಿಲ ಕೆಳಗಿನ ಮೂಲೆ. ಗೋಡೆಗೊರಗಿದ ಮೂರು ಕಪಾಟು, ತಿರುಗಿಸಿದರೆ ಕಿರ್ರೆನ್ನುವ ಒಂದು ಕಂಬಿ ಸ್ಟ್ಯಾಂಡು, ನೆಲಕ್ಕೆ ಬಣ್ಣ ಹೋದ ಜಮಖಾನ. ಹತ್ತೊಂಬತ್ತು ವರ್ಷದಿಂದ ಆ ಮೂಲೆಯ ಯಜಮಾನಿಕೆ ಒಬ್ಬನದೇ. ಮಕ್ಕಳು ಅವನಿಗೆ ಇಟ್ಟ ಹೆಸರು ‘ಮುಟ್ಬೇಡಿ ಮಾಮ’. ಕೈ ತೊಳೆಯದ ಮಗು ಕಪಾಟಿನ ಹತ್ತಿರ ಸುಳಿದರೆ ಸಾಕು, ಆ ಮಾತು ಅವನ ಬಾಯಿಂದ ತಾನಾಗಿ ಉದುರುತ್ತಿತ್ತು. ದೊಡ್ಡವರಿಗೆ ಅವನು ಬರೀ ಮಾಮ.

ಇಪ್ಪತ್ತನೇ ವಯಸ್ಸಿನಲ್ಲಿ ಅದೇ ಅಂಗಡಿಯ ಗೋದಾಮಿಗೆ ಪಾರ್ಸಲ್ ಕಟ್ಟಲು ಸೇರಿದವನು ಮಾಮ. ಪೆಟ್ಟಿಗೆ ಎತ್ತಿದರೆ ಒಳಗೆ ಎಷ್ಟು ಪ್ರತಿ ಇವೆಯೆಂದು ಕೈಯೇ ಹೇಳುತ್ತಿತ್ತು. ಮೂಲೆ ಮಡಚಿದ ಹಾಳೆಯನ್ನು ಹೊರಗಿನಿಂದಲೇ ಪತ್ತೆ ಹಚ್ಚುತ್ತಿದ್ದ. ಪುಸ್ತಕ ಎಂದರೆ ಅವನಿಗೆ ಪ್ರೀತಿಯೇ, ಆದರೆ ಪಾತ್ರೆ ಅಂಗಡಿಯವನಿಗೆ ಪಾತ್ರೆಯ ಮೇಲಿರುವಂಥ ಪ್ರೀತಿ: ಹೊಳೆಯಬೇಕು, ಸೊಟ್ಟಗಿರಬಾರದು. ಒಳಗೆ ಏನು ಬೇಯುತ್ತದೆ ಎಂಬುದು ಅವನ ಚಿಂತೆಯಲ್ಲ. ಮಕ್ಕಳ ಮೂಲೆ ನೋಡಿಕೊಳ್ಳುತ್ತಿದ್ದಾಕೆ ಕೆಲಸ ಬಿಟ್ಟಾಗ ಮಾಲೀಕರು, “ನೀನೇ ನೋಡ್ಕೊ, ಮಕ್ಕಳ ಪುಸ್ತಕ ತಾನೆ, ಅದರಲ್ಲೇನು ಮಹಾ ಇದೆ” ಎಂದರು. ಅದರಲ್ಲೇನಿದೆ ಎಂದು ಮಾಮನೂ ತೆರೆದು ನೋಡಲಿಲ್ಲ.

ಬಂದವರಿಗೆ ಅವನು ಮೂರು ಪ್ರಶ್ನೆ ಕೇಳುತ್ತಿದ್ದ. ವಯಸ್ಸೆಷ್ಟು, ಹುಡುಗನಾ ಹುಡುಗಿಯಾ, ಉಡುಗೊರೆಗಾ ಮನೆಗಾ. ಉತ್ತರ ಬಂದ ಮೇಲೆ ಹೊದಿಕೆ ನೋಡಿ ಒಂದನ್ನು ಎಳೆದು, ಅಂಗೈಯಿಂದ ಒರೆಸಿ, “ನಮ್ಮನೇಲೂ ಇದನ್ನೇ ಓದ್ತೀವಿ. ಮಕ್ಕಳು ನಕ್ಕೂ ನಕ್ಕೂ ಸುಸ್ತಾಗ್ತಾರೆ” ಎನ್ನುತ್ತಿದ್ದ. ಒಮ್ಮೆ ಬಾಯಿತಪ್ಪಿ ಬಂದ ಮಾತು. ಅದರಿಂದ ಪುಸ್ತಕ ಮಾರಿಹೋಯಿತು, ಅಂದಿನಿಂದ ನಾಲಿಗೆಗೆ ಅಂಟಿಕೊಂಡಿತು. ಅವನ ಮನೆಯಲ್ಲಿ ಮಕ್ಕಳೇ ಇರಲಿಲ್ಲ. ಒಬ್ಬಳೇ ಮಗಳು ಮದುವೆಯಾಗಿ ಬೇರೆ ಊರು ಸೇರಿ ಆರು ವರ್ಷವಾಗಿತ್ತು.

ಒಂದು ಬೆಳಿಗ್ಗೆ ಬಟ್ಟೆಚೀಲ ಹಿಡಿದ ಒಬ್ಬ ಅಜ್ಜಿ ಬಂದರು. ಹಿಟ್ಟಿನ ಗಿರಣಿಯ ಹಿಂದಿನ ಮನೆಯವರಂತೆ, ದಾರಿಯಲ್ಲಿ ಹೋಗುವಾಗ ಅಂಗಡಿ ನೋಡುತ್ತಿದ್ದರಂತೆ, ಒಳಗೆ ಬಂದದ್ದು ಇದೇ ಮೊದಲು.

“ಮೊಮ್ಮಗಳಿಗೆ ನಾಲ್ಕು ವರ್ಷ. ಅವರಮ್ಮನ್ನ ಆಸ್ಪತ್ರೆಗೆ ಸೇರಿಸಿದ್ದೀವಿ, ಯಾವಾಗ ಬಿಡ್ತಾರೋ ಗೊತ್ತಿಲ್ಲ. ಮಲಗೋ ಹೊತ್ತಿಗೆ ತುಂಬಾ ಹಟ ಮಾಡತ್ತೆ ಮಗು. ನಾನು ಕನ್ನಡಕ ಬೇರೆ ಮನೇಲೇ ಮರೆತು ಬಂದೆ. ನೀವೇ ಒಂದು ಒಳ್ಳೇದು ನೋಡಿ ಕೊಡ್ತೀರಾಪ್ಪ?”

ಮಾಮನ ಕಿವಿಗೆ ಬಿದ್ದದ್ದು ‘ನಾಲ್ಕು ವರ್ಷ’ ಮಾತ್ರ. ಕೊಡೆ ಹಿಡಿದು ನಗುತ್ತಿದ್ದ ಅಳಿಲುಮರಿಯ ಹೊದಿಕೆ ಕಣ್ಣಿಗೆ ಬಿತ್ತು. ಎಳೆದ, ಒರೆಸಿದ, ಹೇಳುವುದನ್ನು ಹೇಳಿದ. ಅಜ್ಜಿಯ ಮುಖ ಅರಳಿತು. “ನಿಮ್ಮ ಮಕ್ಕಳಿಗೂ ಓದ್ತೀರಲ್ಲ, ಇನ್ನೇನು ಬೇಕು” ಎಂದು ಚೀಲಕ್ಕೆ ಹಾಕಿಕೊಂಡು ಹೋದರು.

ಎಂಟನೇ ದಿನ ಅಜ್ಜಿ ಮತ್ತೆ ಬಂದರು. ಈ ಸಲ ಕನ್ನಡಕವಿತ್ತು, ಚೀಲದಿಂದ ಅದೇ ಪುಸ್ತಕ ಹೊರಗೆ ಬಂತು. ಅವರು ಬಾಯಿ ತೆರೆಯುವ ಮೊದಲೇ ಮಾಮ ಕೇಳಿದ: “ಬಿಲ್ ತಂದಿದ್ದೀರಾ ಅಮ್ಮ? ಏಳು ದಿನದ ಒಳಗೆ ತಂದ್ರೆ ಮಾತ್ರ ವಾಪಸ್ ತಗೊಳೋದು.”

“ಅಯ್ಯೋ, ವಾಪಸ್ ಕೊಡೋಕೆ ಬಂದಿಲ್ಲಪ್ಪ. ಒಂದು ಮಾತು ಕೇಳೋಣ ಅಂತ ಬಂದೆ.” ಅಜ್ಜಿ ದನಿ ತಗ್ಗಿಸಿದರು. “ಒಂಬತ್ತನೇ ಪುಟ ಬಂದಾಗ ನೀವು ಮಕ್ಕಳಿಗೆ ಏನಂತ ಹೇಳ್ತೀರಿ?”

“ಒಂಬತ್ತನೇ ಪುಟ...” ಎಂದ ಮಾಮ.

“ಅದೇ, ಅಮ್ಮ ಅಳಿಲು ಹಣ್ಣು ತರ್ತೀನಿ ಅಂತ ಹೋಗತ್ತಲ್ಲ, ಆಮೇಲೆ ಬರೋದೇ ಇಲ್ವಲ್ಲ. ಇವಳು ಅಲ್ಲಿಗೆ ಬಂದ ತಕ್ಷಣ ಪುಸ್ತಕ ಹಿಡ್ಕೊಂಡು ‘ಎಲ್ಲಿ ಹೋಯ್ತು, ಎಲ್ಲಿ ಹೋಯ್ತು’ ಅಂತಾಳೆ. ಎರಡು ದಿನ ನಾನು ಆ ಹಾಳೆಗಳನ್ನ ಸೇರಿಸಿ ಪಿನ್ನು ಚುಚ್ಚಿಟ್ಟೆ, ಕಿತ್ತುಬಿಟ್ಲು. ಊಟಕ್ಕೂ ಸರಿಯಾಗಿ ಕೂರ್ತಿಲ್ಲ. ನಿಮ್ಮನೇಲಿ ಮಕ್ಕಳು ನಗ್ತಾರೆ ಅಂದ್ರಲ್ಲ, ಹೆಂಗೆ ಹೇಳಿ ನಗಿಸ್ತೀರೋ ಕಲ್ಕೊಂಡು ಹೋಗೋಣ ಅಂತ.”

ಮಾಮ ಪುಸ್ತಕ ಕೈಗೆ ತೆಗೆದುಕೊಂಡ. ಜೀವನದಲ್ಲಿ ಮೊದಲ ಬಾರಿಗೆ ಅದನ್ನು ತೆರೆದ. ಪುಟಗಳಿಗೆ ಸಂಖ್ಯೆ ಇರಲಿಲ್ಲ. ಒಂದು, ಎರಡು ಎಂದು ತುಟಿ ಅಲ್ಲಾಡಿಸುತ್ತ ಎಣಿಸಿದ. ಎರಡು ಹಾಳೆ ಒಟ್ಟಿಗೆ ಬಂದು ಲೆಕ್ಕ ತಪ್ಪಿತು, ಮತ್ತೆ ಮೊದಲಿನಿಂದ ಎಣಿಸಿದ. ಪಿನ್ನು ಚುಚ್ಚಿದ ತೂತು ಕಂಡಿತು. ಖಾಲಿ ಕೊಂಬೆ, ಅದರ ತುದಿಯಲ್ಲಿ ಕೂತ ಮರಿ. ಹೊದಿಕೆಯ ಕೊಡೆಯೂ ಇಲ್ಲ, ನಗುವೂ ಇಲ್ಲ.

ತಲೆ ಎತ್ತಿದಾಗ ಅಜ್ಜಿ ಚಿತ್ರವನ್ನು ನೋಡುತ್ತಿರಲಿಲ್ಲ, ಅವನನ್ನು ನೋಡುತ್ತಿದ್ದರು. ಅವರಿಗೆ ಅರ್ಥವಾಗಿತ್ತು.

ಬೈದಿದ್ದರೆ ಬಚಾವಾಗುತ್ತಿದ್ದ. ಮಾಲೀಕರನ್ನು ಕರೆದು ಕೂಗಾಡಿದ್ದರೂ ಲೆಕ್ಕ ತೀರುತ್ತಿತ್ತು. ಅಜ್ಜಿ ಪುಸ್ತಕವನ್ನು ಮೆಲ್ಲಗೆ ಅವನ ಕೈಯಿಂದ ಬಿಡಿಸಿಕೊಂಡು ಚೀಲಕ್ಕೆ ಹಾಕಿದರು. “ಪರವಾಗಿಲ್ಲ ಬಿಡಿ. ನೀವು ತಾನೆ ಏನು ಮಾಡ್ತೀರಿ, ನೂರಾರು ಪುಸ್ತಕ” ಎಂದರು. ಅವನ ಮರ್ಯಾದೆಯನ್ನು ಅವರೇ ಮುಚ್ಚಿಕೊಟ್ಟು ಹೋದರು. ನೆಲ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಮಾಮನಿಗೆ ಆ ಮಾತಿನ ಅರ್ಥ ಅಂದು ತಿಳಿಯಿತು. ಬಾಗಿಲವರೆಗೆ ಓಡಿ ‘ಅಮ್ಮಾ’ ಎನ್ನಬೇಕೆಂದುಕೊಂಡ. ಸರಿಯಾಗಿಯೇ ಇದ್ದ ಕಪಾಟಿನ ಸಾಲನ್ನು ಸರಿಮಾಡುತ್ತ ನಿಂತ.

ಮನೆಗೆ ಹೋಗಿ ಹೆಂಡತಿಯೊಡನೆ ಹೇಳಿಕೊಂಡ, ಅರ್ಧ ಮುಚ್ಚಿಟ್ಟು. ಬಿಲ್ಲಿನ ಮಾತನ್ನು ನುಂಗಿಕೊಂಡ. ಆಕೆ ಕ್ಲಿನಿಕ್ಕಿನಲ್ಲಿ ಬಂದ ರೋಗಿಗಳಿಗೆ ಚೀಟಿ ಬರೆದು ಒಳಗೆ ಕಳಿಸುವವಳು, ಅರ್ಧ ಹೇಳಿದ ರೋಗವನ್ನು ಪೂರ್ತಿ ಹೊರಡಿಸುವುದು ಅವಳಿಗೆ ದಿನದ ಕೆಲಸ. ಎಲ್ಲ ಹೊರಡಿಸಿದ ಮೇಲೆ ಒಗೆದ ಬಟ್ಟೆ ಮಡಚುತ್ತ ಹೇಳಿದಳು: “ನಮ್ಮ ಮಗಳು ಚಿಕ್ಕವಳಿದ್ದಾಗ ಅಂಗಡಿಯಿಂದ ಹರಿದಿದ್ದು, ಮಾಸಿದ್ದು ತರ್ತಿದ್ರಿ. ಓದ್ತಿದ್ದವಳು ನಾನು. ನೀವು ಬೆಳಿಗ್ಗೆ ಎದ್ದು, ‘ಪುಟ ಮಡಚಿದ್ಯಾ’ ಅಂತ ಕೇಳ್ತಿದ್ರಿ. ಕಥೆ ಹೇಗಿತ್ತು ಅಂತ ಒಂದಿನ ಕೇಳಿದ್ದು ನೆನಪಿದ್ಯಾ?”

ನೆನಪಿರಲಿಲ್ಲ, ಏಕೆಂದರೆ ಕೇಳಿರಲಿಲ್ಲ.

ಮರುದಿನ ಮಧ್ಯಾಹ್ನ ಊಟದ ಡಬ್ಬಿಯನ್ನು ಪಕ್ಕಕ್ಕಿಟ್ಟು ಮಾಮ ಜಮಖಾನದ ಮೇಲೆ ಕೂತ, ಮೊದಲ ಕಪಾಟಿನ ಕೆಳಗಿನ ಸಾಲಿನಿಂದ ಶುರು ಮಾಡಿದ. ಮೂರು ವಾರ ಊಟದ ಹೊತ್ತೆಲ್ಲ ಅದೇ. ಅವನೇ ಎಷ್ಟೋ ಸಲ ಉಡುಗೊರೆ ಕಾಗದ ಸುತ್ತಿ ಕೊಟ್ಟ ದಪ್ಪ ಪುಸ್ತಕದಲ್ಲಿ ಸಿಂಹಕ್ಕೆ ಐದು ಕಾಲಿದ್ದವು. ಇನ್ನೊಂದರಲ್ಲಿ ಕಥೆ ಅರ್ಧಕ್ಕೇ ನಿಂತು, ಉಳಿದದ್ದೆಲ್ಲ ಹಲ್ಲುಜ್ಜಿ, ಬೇಗ ಏಳಿ ಎಂಬ ಉಪದೇಶ. ಒಂದರಲ್ಲಿ ಕಪ್ಪು ಬಣ್ಣದ ಹುಡುಗಿಯನ್ನು ಅವಳು ಬೆಳ್ಳಗಾಗುವವರೆಗೆ ಎಲ್ಲರೂ ಸೇರಿ ತೊಳೆಯುತ್ತಿದ್ದರು. ಅದನ್ನು ಮಾಮ ಯಾರ್‍ಯಾರಿಗೆ ಕೊಟ್ಟಿದ್ದನೋ. ಒಳ್ಳೆಯವೂ ಇದ್ದವು, ಹೊದಿಕೆ ಮಂಕಾಗಿದೆಯೆಂದು ಅವನೇ ಹಿಂದಕ್ಕೆ ತಳ್ಳಿದ್ದವು. ಅಂಗಿಯಿಂದ ಉದುರಿದ ಗುಂಡಿಯೊಂದು ಮನೆಯೆಲ್ಲ ಉರುಳಿಕೊಂಡು ಹೋಗುವ ಪುಸ್ತಕದಲ್ಲಿ ಪ್ರತಿ ಪುಟದ ಮೂಲೆಯಲ್ಲೂ ಒಂದು ಇರುವೆ ಹಿಂಬಾಲಿಸುತ್ತಿತ್ತು. ಬರಹದಲ್ಲಿ ಇರುವೆಯ ಸುದ್ದಿಯೇ ಇಲ್ಲ. ಮೂರನೇ ಸಲ ಓದಿದಾಗ ಅದು ಅವನಿಗೆ ಕಂಡದ್ದು. ನಕ್ಕುಬಿಟ್ಟ, ಮರುಕ್ಷಣವೇ ನಗಲು ಹತ್ತೊಂಬತ್ತು ವರ್ಷ ತಡವಾಯಿತಲ್ಲ ಎಂದು ಬಾಯಿ ಮುಚ್ಚಿಕೊಂಡ.

ರಜೆಯ ದಿನ ಆ ಗುಂಡಿಯ ಪುಸ್ತಕ ಹಿಡಿದು ಗಿರಣಿಯ ಹಿಂದಿನ ಬೀದಿಗೆ ಹೋದ. ಗೇಟಿನವರೆಗೆ ಹೋಗಿ, ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗಿ, ವಾಪಸ್ ಬಂದ. ಮುಂದಿನ ವಾರವೂ ಅದೇ ಕಥೆ. ಮೂರನೇ ವಾರ ಅಜ್ಜಿಯೇ ಜಗಲಿಯಲ್ಲಿ ಕೂತಿದ್ದರು, ತಪ್ಪಿಸಿಕೊಳ್ಳಲಾಗಲಿಲ್ಲ.

“ಅಮ್ಮ, ನಾನು ಆ ಪುಸ್ತಕ ಓದೇ ಇರ್ಲಿಲ್ಲ. ನಮ್ಮನೇಲಿ ಮಕ್ಕಳೂ ಇಲ್ಲ. ಸುಳ್ಳು ಹೇಳಿದೆ.”

“ಗೊತ್ತಾಯ್ತಪ್ಪ ಅವತ್ತೇ.” ಪಕ್ಕಕ್ಕೆ ಸರಿದು ಜಾಗ ಮಾಡುತ್ತ ಅಂದರು, “ಆದ್ರೂ ಬೇಜಾರಾಯ್ತು. ಕೂತ್ಕೊಳ್ಳಿ.”

ಮಗು ಒಳಗಿನಿಂದ ಬಂದು ಅವನ ಕೈಯ ಪುಸ್ತಕವನ್ನೇ ದಿಟ್ಟಿಸಿತು. ಮಾಮ ಓದತೊಡಗಿದ. ಎರಡು ಸಾಲು ಮುಗಿಯುವುದರೊಳಗೆ ಮಗು ಅವನ ಮಂಡಿ ತಟ್ಟಿತು. “ಚಿತ್ರ ನಿಂಗೆ ಮಾತ್ರ ಕಾಣ್ತಿದೆ.” ಅವನು ಪುಸ್ತಕವನ್ನು ತನ್ನ ಕಡೆಗೇ ಹಿಡಿದಿದ್ದ! ತಿರುಗಿಸಿ, ಅಕ್ಷರವನ್ನು ತಲೆಕೆಳಗಾಗಿ ತಡವರಿಸುತ್ತ ಓದಿದ. ಇರುವೆಯನ್ನು ಮಗು ಎರಡನೇ ಪುಟದಲ್ಲೇ ಹಿಡಿಯಿತು.

ಮುಗಿದ ಮೇಲೆ ಅದು ಓಡಿಹೋಗಿ ಅಳಿಲಿನ ಪುಸ್ತಕ ತಂದಿತು. ಅಜ್ಜಿ ಸೆರಗು ಬಾಯಿಗಿಟ್ಟುಕೊಂಡರು. ಒಂಬತ್ತನೇ ಪುಟದಲ್ಲಿ ಪ್ರಶ್ನೆ ಬಂದೇ ಬಂತು.

“ಎಲ್ಲಿ ಹೋಯ್ತು?”

ಕಣ್ಣೆದುರಿಗಿದ್ದ ಮುಖ ನೋಡಿ ಸುಳ್ಳೊಂದು ನಾಲಿಗೆ ತುದಿಗೆ ಬಂದದ್ದು ಮಾಮನಿಗೆ ಗೊತ್ತಾಯಿತು. “ನಂಗೊತ್ತಿಲ್ಲ ಪುಟ್ಟಿ” ಎಂದ. “ನಂಗೂ ಗೊತ್ತಾಗ್ಬೇಕು ಅನ್ಸತ್ತೆ.”

ಮಗು ಯೋಚಿಸಿತು. “ಅಜ್ಜೀನೂ ಗೊತ್ತಿಲ್ಲ ಅಂತ ಹೇಳ್ಬಹುದಿತ್ತು” ಎಂದು ಪುಟ ತಿರುಗಿಸಿ, “ಮುಂದೆ ಓದು” ಎಂದಿತು.

ಮಗುವಿನ ತಾಯಿ ಎರಡು ತಿಂಗಳ ಮೇಲೆ ಮನೆಗೆ ಬಂದಳು. ಒಂದು ದಿನ ಮಗಳ ಕೈ ಹಿಡಿದು ಅಂಗಡಿಗೂ ಬಂದಳು, ತಲೆಗೆ ಬಟ್ಟೆ ಕಟ್ಟಿಕೊಂಡು, ಎರಡು ಹೆಜ್ಜೆಗೊಮ್ಮೆ ನಿಲ್ಲುತ್ತ. ಅವರನ್ನು ದೂರದಿಂದ ಕಂಡ ಮಾಮ ಎದುರು ಬರಲಿಲ್ಲ. ಗೋದಾಮಿಗೆ ಹೋಗಿ, ಬಿಚ್ಚಬೇಕಿಲ್ಲದ ಪೆಟ್ಟಿಗೆಯೊಂದನ್ನು ಬಿಚ್ಚುತ್ತ ಅವರು ಹೋಗುವವರೆಗೆ ಅಲ್ಲೇ ಕೂತ. ಮಗುವಿನ ದನಿ ಕೇಳುತ್ತಿತ್ತು. ಆಕೆ ಬದುಕಿ ಬಂದದ್ದು ಅವನ ಪುಣ್ಯ, ಅವನ ಜಾಣತನವಲ್ಲ. ಬರದೇ ಹೋಗಿದ್ದರೆ ಆ ಮನೆಯಲ್ಲಿ ಆ ಪುಸ್ತಕ ಏನಾಗಿ ಉಳಿಯುತ್ತಿತ್ತೋ.

ಈಗ ಯಾರಾದರೂ ಮಕ್ಕಳ ಪುಸ್ತಕ ಕೇಳಿದರೆ ಮಾಮ ಮೂರು ಪ್ರಶ್ನೆಗೆ ನಿಲ್ಲಿಸುವುದಿಲ್ಲ. ಮಗುವಿಗೆ ಯಾವುದಕ್ಕೆ ಭಯ, ಮನೆಯಲ್ಲಿ ಯಾರ್‍ಯಾರಿದ್ದಾರೆ, ಓದಿ ಹೇಳುವವರು ಯಾರು ಎಂದು ಕೇಳುತ್ತಾನೆ. ಓದಿರದ ಹೊಸದಾದರೆ, “ಎರಡು ನಿಮಿಷ ಕೂತ್ಕೊಳ್ಳಿ, ನೋಡಿ ಹೇಳ್ತೀನಿ” ಎನ್ನುತ್ತಾನೆ. ಕೆಲವರು ಕೂರುತ್ತಾರೆ. ಹಲವರು ಗಡಿಯಾರ ನೋಡಿಕೊಂಡು ಎದುರಿನ ಅಂಗಡಿಗೆ ಹೋಗುತ್ತಾರೆ, ಮಾಲೀಕರು ಗೊಣಗುತ್ತಾರೆ. ಮಾಮನನ್ನು ಕಾಡುವುದು ಆ ಗೊಣಗಾಟವಲ್ಲ. ಅವನ ಮಾತು ನಂಬಿ, ಕೇಳಲು ತಿರುಗಿ ಬಂದವರು ಆ ಅಜ್ಜಿ ಒಬ್ಬರೇ. ಉಳಿದವರೆಲ್ಲ ನಂಬಿಕೊಂಡೇ ಮನೆಗೆ ಹೋದವರು, ಮತ್ತೆ ಬಾರದವರು.