ಮಗು ಸೈಕಲ್ಲಿನ ಹಿಂದೆ, ಅತ್ತೆ ಆಟೋದಲ್ಲಿ

ಮೊನ್ನೆ ಶನಿವಾರ ಬೆಳ್ಳಂಬೆಳಿಗ್ಗೆ ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ ನಾನು ಕೆಟ್ಟ ತಾಯಿ ಎಂದು ಸಾರ್ವಜನಿಕವಾಗಿ ತೀರ್ಮಾನವಾಯಿತು.

ತೀರ್ಪು ಕೊಟ್ಟವರು ಪಕ್ಕದ ಸ್ಕೂಟರಿನವರು. ಗಂಡ, ಹೆಂಡತಿ, ಎರಡು ಮಕ್ಕಳು. ದೊಡ್ಡದು ಮುಂದೆ ಕನ್ನಡಿ ಹಿಡಿದು ನಿಂತಿತ್ತು. ಚಿಕ್ಕದು ಅಪ್ಪ ಅಮ್ಮನ ನಡುವೆ ಮಸಾಲೆ ದೋಸೆಯ ಪಲ್ಯದಂತೆ ಸಿಕ್ಕಿಕೊಂಡಿತ್ತು. ನಾಲ್ಕು ತಲೆಗಳಿಗೆ ಸೇರಿ ಒಂದೇ ಹೆಲ್ಮೆಟ್. ಅದೂ ಆ ತಾಯಿಯ ಮೊಣಕೈಯಲ್ಲಿ ತೂಗಾಡುತ್ತಿತ್ತು.

"ಏನ್ರೀ, ಮಗೂನ ಹಿಂಗಾ ಕರ್ಕೊಂಡ್ ಹೋಗೋದು? ಸ್ವಲ್ಪನಾದ್ರೂ ಬುದ್ಧಿ ಬೇಡ್ವಾ?" ಎಂದರು ಆಕೆ.

ನಮ್ಮ ಹದಿನಾಲ್ಕು ತಿಂಗಳ ಮಗಳು ಇಂಚರ ಆಗ ನನ್ನ ಗಂಡ ಸುಧಿಯ ಸೈಕಲ್ಲಿಗೆ ಹಿಂದಿನಿಂದ ಜೋಡಿಸಿದ್ದ ಟ್ರೇಲರಿನಲ್ಲಿ ಕೂತಿದ್ದಳು. ಎರಡು ಚಕ್ರದ ಪುಟ್ಟ ಗಾಡಿ. ಮೇಲೆ ಬಟ್ಟೆಯ ಗುಡಾರ, ಸುತ್ತ ಬಲೆಯ ಕಿಟಕಿ, ಒಳಗೆ ಸೀಟ್ ಬೆಲ್ಟು, ಹಿಂದೆ ಕಿತ್ತಳೆ ಬಣ್ಣದ ಬಾವುಟ. ಮಗಳ ತಲೆಗೆ ಹೆಲ್ಮೆಟ್, ಕೈಯಲ್ಲಿ ರಸ್ಕು. ಇಡೀ ಸಿಗ್ನಲ್ಲಿನಲ್ಲಿ ಅಷ್ಟು ಭದ್ರವಾಗಿ ಕೂತಿದ್ದವಳು ಅವಳೊಬ್ಬಳೇ. ಅವಳ ಹಿಂದೆ ಇನ್ನೊಂದು ಸೈಕಲ್ಲಿನಲ್ಲಿ ನಾನು.

ತಕ್ಕ ಉತ್ತರ ಕೊಡೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಗ್ರೀನ್ ಬಿತ್ತು. (ನನ್ನ ಬದುಕಿನ ಒಳ್ಳೊಳ್ಳೆಯ ಉತ್ತರಗಳೆಲ್ಲ ಗ್ರೀನ್ ಬಿದ್ದ ಮೇಲೇ ಹೊಳೆಯುತ್ತವೆ.) ಆದರೆ ಆಕೆ ಅಷ್ಟರಲ್ಲಿ ನಮ್ಮ ವಿಡಿಯೊ ಮಾಡಿಕೊಂಡಿದ್ದರು. ಅದರ ಪರಿಣಾಮ ನಮಗೆ ಕೆಂಗೇರಿ ತಲುಪಿದ ಮೇಲೆ ಗೊತ್ತಾಯಿತು.

ಹಿನ್ನೆಲೆ ಸ್ವಲ್ಪ ಹೇಳಬೇಕು. ಮಗು ಹುಟ್ಟುವ ಮುಂಚೆ ನಾನೂ ಸುಧಿಯೂ ರಜೆ ಸಿಕ್ಕಾಗಲೆಲ್ಲ ಸೈಕಲ್ ಹತ್ತಿ ಊರೂರು ತಿರುಗುತ್ತಿದ್ದವರು. ಮಗು ಹುಟ್ಟಿದ ಮೇಲೆ ಎರಡೂ ಸೈಕಲ್ಲುಗಳಿಗೆ ಬಾಲ್ಕನಿಯಲ್ಲಿ ಹೊಸ ಕೆಲಸ ಸಿಕ್ಕಿತು: ಬಟ್ಟೆ ಒಣಗಿಸುವುದು. ಒಂದು ದಿನ ಹ್ಯಾಂಡಲ್ ಮೇಲೆ ಲಂಗೋಟಿಗಳ ಸಾಲು ನೋಡಿ ಸುಧಿಯ ಕಣ್ಣಲ್ಲಿ ನೀರು ಬಂತು. ಅದೇ ವಾರ ಟ್ರೇಲರ್ ತರಿಸಿದ.

ಅತ್ತೆ ವಿಜಯನಗರದಲ್ಲಿ ನಮ್ಮ ಜೊತೆಗೇ ಇದ್ದಾರೆ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ರಿಟೈರ್ ಆದವರು. ಟ್ರೇಲರನ್ನು ಸುತ್ತಲೂ ನೋಡಿ ಒಂದೇ ಪ್ರಶ್ನೆ ಕೇಳಿದರು.

"ಮಗು ಏನು ಗ್ಯಾಸ್ ಸಿಲಿಂಡರಾ, ಹಿಂದೆ ಕಟ್ಕೊಂಡ್ ಹೋಗೋಕೆ?"

ಅಲ್ಲಿಗೆ ಚರ್ಚೆ ಮುಗಿಯಿತು. ಹಾಗಾಗಿ ನಾವು, ಮೂವತ್ತೈದು ದಾಟಿದ ಇಬ್ಬರು ಜವಾಬ್ದಾರಿಯುತ ನಾಗರಿಕರು, ಎಲ್ಲವನ್ನೂ ಕದ್ದುಮುಚ್ಚಿ ಮಾಡಿದೆವು. ಟ್ರೇಲರೂ, ರಿಪೇರಿಯ ನೆಪದಲ್ಲಿ ಎರಡೂ ಸೈಕಲ್ಲುಗಳೂ ಅತ್ತಿಗುಪ್ಪೆಯ ಗೆಳೆಯನ ಅಪಾರ್ಟ್‌ಮೆಂಟಿಗೆ ಹೋದವು. ಬೇಸ್‌ಮೆಂಟಿನಲ್ಲಿ ಪ್ರಾಕ್ಟೀಸ್. ಮೊದಲ ವಾರ ಮಗುವಿನ ಬದಲು ಬೆಲ್ಟ್ ಹಾಕಿಕೊಂಡು ಕೂತಿದ್ದು ಸೋನಾ ಮಸೂರಿ ಅಕ್ಕಿಯ ಮೂಟೆ. ಎರಡನೆಯ ವಾರ ಇಂಚರ. ಅಕ್ಕಿಗಿಂತ ಅವಳೇ ಹೆಚ್ಚು ಖುಷಿಪಟ್ಟಳು.

ಶನಿವಾರ "ಮಂಚನಬೆಲೆ ಹತ್ತಿರ ಫ್ರೆಂಡ್ ತೋಟದ ಮನೆಗೆ ಹೋಗಿ ಒಂದು ರಾತ್ರಿ ಇದ್ದು ಬರ್ತೀವಿ" ಎಂದು ಹೇಳಿ ಕಾರು ಹತ್ತಿದೆವು. ಅತ್ತಿಗುಪ್ಪೆಯಲ್ಲಿ ಕಾರು ನಿಲ್ಲಿಸಿ ಸೈಕಲ್ ಹತ್ತಿದೆವು. ಮೊದಲಿನದು ಅತ್ತೆಗೆ ಗೊತ್ತಿತ್ತು. ಎರಡನೆಯದು ಗೊತ್ತಿರಲಿಲ್ಲ. ಪೂರ್ತಿ ಸುಳ್ಳೇನಲ್ಲ, ಅಲ್ಲವೇ?

ಕೆಂಗೇರಿಯಲ್ಲಿ ಇಡ್ಲಿ ತಿನ್ನುತ್ತಿದ್ದಾಗ ಫೋನ್ ಬಂತು.

"ಎಲ್ಲಿದ್ದೀರಾ?" ಅತ್ತೆ.

"ಕಾರಲ್ಲೇ ಅತ್ತೆ. ಕೆಂಗೇರಿ ಹತ್ರ."

"ಕಾರಿಗೆ ಬಾವುಟ ಯಾವಾಗ ಹಾಕಿಸಿದ್ರಿ?"

ಸಿಗ್ನಲ್ಲಿನ ಆ ತಾಯಿ ಹಾಕಿದ ವಿಡಿಯೊ ಗ್ರೂಪಿನಿಂದ ಗ್ರೂಪಿಗೆ ಹಾರಿ ನಮ್ಮ ಲೇಔಟಿನ ಹೆಂಗಸರ ವಾಟ್ಸ್ಆ್ಯಪ್‌ಗೆ ಬಂದಿತ್ತು. ಅತ್ತೆ ಗುರುತು ಹಿಡಿದದ್ದು ಮಗನನ್ನಲ್ಲ, ಸೊಸೆಯನ್ನೂ ಅಲ್ಲ. ಇಂಚರಳ ಮೈಮೇಲಿದ್ದ, ತಾವೇ ಹೆಣೆದ ಹಳದಿ ಸ್ವೆಟರನ್ನು! ಗ್ರೂಪಿನಲ್ಲಿ ಮಾತ್ರ "ಯಾರೋ ಪಾಪ, ಗೊತ್ತಿಲ್ಲ" ಎಂದು ಬರೆದಿದ್ದರು.

"ಅಲ್ಲೇ ಇರಿ. ಬರ್ತಾ ಇದೀನಿ."

"ಓಡಿ ಹೋಗೋಣ್ವಾ?" ಎಂದ ಸುಧಿ.

"ಎಲ್ಲಿಗೆ? ಗಂಟೆಗೆ ಹನ್ನೆರಡು ಕಿಲೋಮೀಟರ್ ಸ್ಪೀಡಲ್ಲಾ?"

ಕಾದೆವು. ಮುಕ್ಕಾಲು ಗಂಟೆಯಲ್ಲಿ ಆಟೋ ಬಂತು. ನಮ್ಮ ಬೀದಿ ಕೊನೆಯ ಸ್ಟ್ಯಾಂಡಿನ ಮಂಜಣ್ಣನದು. ಅತ್ತೆ ಇಳಿದರು. ನೇರ ಟ್ರೇಲರ್ ಹತ್ತಿರ ಹೋಗಿ ಬಲೆ ಸರಿಸಿ ಬೆಲ್ಟನ್ನು ಮೂರು ಸಲ ಎಳೆದು ನೋಡಿದರು.

"ಮಗು ನನ್ನ ಜೊತೆ ಆಟೋದಲ್ಲಿ ಬರುತ್ತೆ. ನೀವು ಏನಾದ್ರೂ ಮಾಡ್ಕೊಳ್ಳಿ."

ಮಗುವನ್ನು ಎತ್ತಿಕೊಂಡು ಆಟೋ ಹತ್ತಿದರು. ಮಂಜಣ್ಣ ಸ್ಟಾರ್ಟ್ ಮಾಡಿದ. ಇಂಚರ ಎಂಜಿನ್ನಿಗಿಂತ ಜೋರಾಗಿ ಸ್ಟಾರ್ಟ್ ಆದಳು. ಬಿಸ್ಕತ್ತು ಕೊಟ್ಟರು, ಬಳೆ ಆಡಿಸಿದರು, ಮಂಜಣ್ಣ ಹಾರ್ನ್ ಹೊಡೆದು ನಗಿಸಲು ನೋಡಿದ. ಊಹೂಂ. ಟ್ರೇಲರಿನಲ್ಲಿ ಕೂರಿಸಿದರೆ ಗಪ್‌ಚುಪ್. ಮತ್ತೆ ಆಟೋ, ಮತ್ತೆ ರಂಪ. ಮೂರನೆಯ ಸಲ ಅತ್ತೆಯೇ ಅವಳಿಗೆ ಬೆಲ್ಟ್ ಹಾಕಿ ಸೆರಗಿನಿಂದ ಮುಖ ಒರೆಸಿಕೊಂಡರು.

"ಸರಿ, ನಡೀರಿ. ನಾನು ಹಿಂದೆ ಬರ್ತೀನಿ."

"ಎಲ್ಲೀವರೆಗೆ ಅಮ್ಮಾ?"

"ನೀವು ಎಲ್ಲೀವರೆಗೆ ಹೋಗ್ತೀರೋ ಅಲ್ಲೀವರೆಗೆ."

ಹೀಗೆ ನಮ್ಮ ಮೆರವಣಿಗೆ ರಾಮೋಹಳ್ಳಿ ಕಡೆಗೆ ತಿರುಗಿತು. ಮುಂದೆ ಸುಧಿ ಮತ್ತು ಟ್ರೇಲರ್, ನಡುವೆ ನಾನು, ಹಿಂದೆ ಫಸ್ಟ್ ಗೇರಿನಲ್ಲಿ ತೆವಳುವ ಆಟೋ. ಆಟೋದಿಂದ ಅರ್ಧ ದೇಹ ಹೊರಗಿಟ್ಟ ಅತ್ತೆಯ ಕಾಮೆಂಟರಿ.

"ಹಂಪು! ಹಂಪಿದೆ! ಗುಂಡಿ, ಬಲಕ್ಕೆ ತಗೋ! ಬಲಕ್ಕೆ ಅಂದ್ರೆ ಊಟ ಮಾಡೋ ಕೈ ಕಡೆ ಕಣೋ ಸುಧೀ!"

ದಾರಿಯಲ್ಲಿದ್ದ ನಾಯಿಗಳೂ ನಿಂತು ನೋಡಿದವು. ನನಗಂತೂ ಭೂಮಿ ಬಾಯಿಬಿಡಬಾರದೇ ಅನಿಸುತ್ತಿತ್ತು.

ರಾಮೋಹಳ್ಳಿ ದಾಟಿದ ಮೇಲೆ ರಸ್ತೆ ಸಣ್ಣದಾಯಿತು. ಒಂದು ಏರು, ಏರಿನ ಕೊನೆಗೆ ತಿರುವು. ಹಿಂದಿನಿಂದ ಇಟ್ಟಿಗೆ ತುಂಬಿದ ಟೆಂಪೊವೊಂದು ಹಾರ್ನ್ ಹೊಡೆಯುತ್ತಾ ಬಂತು. ಮಂಜಣ್ಣ ದಾರಿ ಬಿಡಲಿಲ್ಲ. ಟೆಂಪೊದವನಿಗೆ ತಾಳ್ಮೆ ಕೆಟ್ಟಿತು. ತಿರುವಿನಲ್ಲೇ ಬಲಕ್ಕೆ ಎಳೆದು ಓವರ್‌ಟೇಕ್‌ಗೆ ನುಗ್ಗಿದ. ಎದುರಿನಿಂದ ಬಸ್ಸು.

ಬ್ರೇಕಿನ ಕಿರುಚು ಕೇಳಿ ತಿರುಗಿ ನೋಡಿದೆ. ಟೆಂಪೊ ವಾಪಸ್ ಎಡಕ್ಕೆ ಹೊರಳಿ ಆಟೋದ ಬೆನ್ನಿಗೆ ಒಂದು ಗೇಣು ಉಳಿಸಿ ನಿಂತಿತ್ತು. ಬಸ್ಸು ಏನೂ ಆಗಿಲ್ಲವೆಂಬಂತೆ ಹೋಯಿತು.

ಆಟೋ ಇಲ್ಲದಿದ್ದರೆ ಅದು ಹೊರಳುತ್ತಿದ್ದ ಜಾಗದಲ್ಲಿ ನಾನಿರುತ್ತಿದ್ದೆ. ನನ್ನ ಮುಂದೆ ಇಂಚರ.

ಸೈಕಲ್ ಕೈಬಿಟ್ಟು ಟ್ರೇಲರಿನ ಹತ್ತಿರ ಓಡಿದೆ. ಮಗಳು ಬಾಯಲ್ಲಿ ಬೆರಳಿಟ್ಟುಕೊಂಡು ನಿದ್ದೆ ಹೋಗಿದ್ದಳು. ನಾನು ಅಲ್ಲೇ ಟಾರಿನ ಮೇಲೆ ಕೂತೆ. ಎಲ್ಲರೂ ಹೇಳಿದ್ದು ಸರಿಯೇ ಇರಬಹುದೇ? ಸಿಗ್ನಲ್ಲಿನ ಆಕೆ ಸಹಿತ?

ಟೆಂಪೊದವನು ತಲೆ ಹೊರಗೆ ಹಾಕಿ ಕೂಗಿದ. "ಏನಮ್ಮಾ, ಮಗೂನ ಸೈಕಲ್ಲಿಗೆ ಕಟ್ಕೊಂಡ್ ಬರೋ ಜಾಗಾನಾ ಇದು? ಮನೇಲಿರಕ್ಕಾಗಲ್ವಾ?"

ಅತ್ತೆ ಆಟೋದಿಂದ ಇಳಿದರು. ಟ್ರೇಲರ್ ನೋಡಿದ ದಿನ ಅವರು ಹೇಳಿದ್ದೂ ಇದನ್ನೇ. "ಹಂಗೆ ಹೇಳಪ್ಪಾ ಇವರಿಗೆ" ಎನ್ನುತ್ತಾರೆಂದು ತಲೆ ತಗ್ಗಿಸಿದೆ.

"ಈ ರೋಡು ನಿಮ್ಮ ತಾತಂದೇನಪ್ಪಾ?" ಕೊನೆ ಬೆಂಚಿನವರೆಗೂ ಮುಟ್ಟುವ ದನಿ. "ತಿರುವಲ್ಲಿ ನುಗ್ಗಿದ್ದು ನೀನು. ಮಗು ಅದರ ಪಾಡಿಗೆ ಅದರ ದಾರೀಲಿ ಹೋಗ್ತಿದೆ. ಗಾಡಿ ಹಿಡಿತದಲ್ಲಿ ಇಟ್ಕೊಳ್ಳಕ್ಕೆ ಬರ್ದಿದ್ರೆ ನೀನು ಮನೇಲಿರು. ಅದ್ಯಾಕೆ ಇರ್ಬೇಕು?"

ಮಂಜಣ್ಣನೂ ಇಳಿದು ಪಕ್ಕದಲ್ಲಿ ನಿಂತ. ಟೆಂಪೊದವನು ಏನೋ ಹೇಳಲು ಹೋದವನು ಬಲೆಯೊಳಗೆ ಮಲಗಿದ್ದ ಮಗುವನ್ನು ಕಂಡ. ದನಿ ಇಳಿಯಿತು. "ಸಾರಿ ಆಂಟಿ. ನೋಡ್ಲಿಲ್ಲ" ಎಂದ.

ನಾವು ಬದಿಗೆ ಸರಿದು ಅವನಿಗೆ ದಾರಿ ಬಿಟ್ಟೆವು. ಅವನು ಹೋದ ಮೇಲೆ ಅತ್ತೆ ನನ್ನ ಪಕ್ಕ ಬಂದು ಕೂತರು. ಸೆರಗಿನಲ್ಲಿ ಸುತ್ತಿದ್ದ ಕೈ ಹೊರಗೆ ತೆಗೆದರು. ಗಡಗಡ ನಡುಗುತ್ತಿತ್ತು.

"ಅವನಿಗೆ ಕಾಣ್ಬಾರ್ದು ಅಂತ ಸುತ್ಕೊಂಡಿದ್ದೆ ಕಣೇ" ಎಂದರು.

"ಸುಳ್ಳು ಹೇಳಿದ್ದು ತಪ್ಪಾಯ್ತು ಅತ್ತೆ."

"ಅದರ ವಿಚಾರಣೆ ಮನೇಲಿ."

"ಎಲ್ಲಾನೂ ಆಟೋದಲ್ಲೇ ಹಾಕ್ಕೊಂಡು ವಾಪಸ್ ಹೋಗ್ಬಿಡೋಣ್ವಾ?" ನಾನು ನಿಜವಾಗಿಯೇ ಕೇಳಿದೆ.

ಅತ್ತೆ ಯೋಚಿಸಿದರು. "ವಾಪಸ್ ಹೋಗೋ ರೋಡಲ್ಲಿ ಟೆಂಪೊ ಇರಲ್ವಾ?" ಎಂದು ಎದ್ದು ಸೀರೆಯ ಧೂಳು ಕೊಡವಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ತೋಟದ ಮನೆ ಸೇರಿದೆವು. ಅತ್ತೆಯೇನೂ ಸೈಕಲ್ ಪಕ್ಷಕ್ಕೆ ಸೇರಲಿಲ್ಲ. ಟ್ರೇಲರನ್ನು "ಆ ಡಬ್ಬ" ಎಂದೇ ಕರೆಯುತ್ತಿದ್ದಾರೆ. ಆದರೆ ಸಂಜೆ, ಊರಿಗೆ ಮರಳಿದ್ದ ಮಂಜಣ್ಣನಿಗೆ ಫೋನಿನಲ್ಲಿ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. "ನಾಳೆ ಬೆಳಿಗ್ಗೆ ಆರಕ್ಕೆಲ್ಲಾ ಬಂದ್ಬಿಡಪ್ಪಾ. ಬಿಸಿಲೇರೋಕೆ ಮುಂಚೆ ಮಗು ಹೊರಡ್ಬೇಕು."

ಈಗ ಆ ವಿಡಿಯೊ ನೋಡಿದವರೆಲ್ಲ ನನ್ನನ್ನು ಕೇಳುತ್ತಾರೆ: ಹೀಗೆ ಮಗುವನ್ನು ಕರೆದುಕೊಂಡು ಹೋಗುವುದು ಸೇಫಾ? ಹೆಲ್ಮೆಟ್ ಇದೆ, ಬೆಲ್ಟ್ ಇದೆ, ಬಾವುಟ ಇದೆ. ಅವೆಲ್ಲ ಅಂಗಡಿಯಲ್ಲಿ ಸಿಗುತ್ತವೆ. ಆದರೆ ಬೆನ್ನ ಹಿಂದೆ ಆಟೋ ಅಡ್ಡ ಹಾಕಿಕೊಂಡು ಬರುವ ಅತ್ತೆ ಇಲ್ಲದವರು ನಮ್ಮ ರಸ್ತೆಗೆ ಮಕ್ಕಳನ್ನು ಯಾವ ಧೈರ್ಯದ ಮೇಲೆ ಇಳಿಸಬೇಕು ಸ್ವಾಮಿ?