ಹುಣಸೂರಿನ ಒಳಕೋಣೆಯಿಂದ ಹೊರಟ ಚಕ್ರಗಳು

ಬೆಳಗಿನ ಐದೂವರೆ ಗಂಟೆ. ಹುಣಸೂರಿನ ಪೇಟೆಬೀದಿಯ ಹಿಂದಿನ ಓಣಿಯಲ್ಲಿ ಸೈಕಲ್ ಅಂಗಡಿಯ ಶಟರ್ ಇನ್ನೂ ಮೇಲೇರಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಮಾತ್ರ ಬಲ್ಬು ಉರಿಯುತ್ತಿದೆ. ಮಣೆಯ ಮೇಲೆ ಕುಳಿತ ಜೀನತುನ್ನೀಸಾ, ಕಬ್ಬಿಣದ ಕವೆಗೆ ಸಿಕ್ಕಿಸಿದ ಚಕ್ರವೊಂದನ್ನು ಬೆರಳತುದಿಯಿಂದ ಮೆಲ್ಲಗೆ ತಿರುಗಿಸುತ್ತಿದ್ದಾರೆ. ರಿಮ್ಮಿನ ಪಕ್ಕದಲ್ಲಿ ಒಂದು ತಂತಿಯ ತುಂಡು ನಿಂತಿದೆ. ಚಕ್ರ ಒಂದು ಸುತ್ತಿನಲ್ಲಿ ಎರಡು ಕಡೆ ತಂತಿಗೆ ತಾಗಿ ಕಿರ್ರೆನ್ನುತ್ತದೆ. ಅವರು ಚಕ್ರ ನಿಲ್ಲಿಸಿ, ಕಡ್ಡಿಗಳನ್ನು ಒಂದೊಂದಾಗಿ ಉಗುರಿನಿಂದ ಮೀಟುತ್ತಾರೆ. ನಾಲ್ಕನೆಯದರ ದನಿ ಮಂಕು. ಅದರ ಬುಡದ ಪುಟ್ಟ ಹಿತ್ತಾಳೆ ನಟ್ಟನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಮೀಟುತ್ತಾರೆ.

ಹೊರಗೆ ಹಾಲಿನ ಕ್ಯಾನಿನ ಸದ್ದಾಗುತ್ತದೆ. ಹಾಲು ಹಾಕುವ ಮಹದೇವಯ್ಯ ಆರು ಗಂಟೆಗೆಲ್ಲ ಡೇರಿಯಲ್ಲಿರಬೇಕು. ನಿನ್ನೆ ಸಂಜೆ ಹಂಪ್ ಮೇಲೆ ಕ್ಯಾನ್ ಸಮೇತ ಬಿದ್ದು ಹಿಂದಿನ ಚಕ್ರ ಸೊಟ್ಟಗಾಗಿತ್ತು.

"ಆಯ್ತಾ ಬೂಬಮ್ಮಾ?"

"ಎರಡು ನಿಮಿಷ ಇರಿ ಮಾದೇವಣ್ಣಾ. ನಲವತ್ತು ಲೀಟ್ರು ಏರ್ಕೊಂಡು ಓಯ್ತೀರಿ, ಅರ್ಜೆಂಟ್ ಮಾಡಿದ್ರೆ ಎಂಗೆ?"

ಹತ್ತು ನಿಮಿಷಕ್ಕೆ ಚಕ್ರ ತಂತಿಗೆ ತಾಗದೆ ಸುತ್ತುತ್ತದೆ. ಮಹದೇವಯ್ಯ ಅದನ್ನು ಸಿಕ್ಕಿಸಿಕೊಂಡು ಹೊರಡುತ್ತಾರೆ. ಇದೇ ಕೋಣೆಯಲ್ಲಿ, ಇದೇ ಕವೆಯಲ್ಲಿ ಕಟ್ಟಿದ ಚಕ್ರಗಳು ವಿದೇಶದ ಗುಡ್ಡಗಳಲ್ಲಿ ಏಷ್ಯಾ ಮಟ್ಟದ ಮೌಂಟನ್ ಬೈಕ್ ಚಾಂಪಿಯನ್‌ಷಿಪ್ ಓಡಿವೆ ಎಂಬುದು ಅವರಿಗೆ ಗೊತ್ತಿಲ್ಲ. ಓಣಿಯ ಹೆಚ್ಚಿನವರಿಗೂ ಗೊತ್ತಿಲ್ಲ.

ಜೀನತುನ್ನೀಸಾಗೆ ಐವತ್ಮೂರು ವರ್ಷ. ತಂದೆ ಲತೀಫ್ ಇದೇ ಅಂಗಡಿಯಲ್ಲಿ ಗಂಟೆ ಬಾಡಿಗೆಗೆ ಇಪ್ಪತ್ತೆರಡು ಸೈಕಲ್ ಇಟ್ಟಿದ್ದರು. ತಂಬಾಕು ಒಣಗಿಸುವ ಬ್ಯಾರನ್ನಿನ ಕೆಲಸಗಾರರು, ಸೌದೆ ಹೊರುವವರು, ಶಾಲೆ ಮೇಷ್ಟ್ರು ಎಲ್ಲರೂ ಗಿರಾಕಿಗಳು. ಹೆಣ್ಣುಮಗಳು ಅಂಗಡಿಯಲ್ಲಿ ಕೂರುವಂತಿರಲಿಲ್ಲ. ಹಾಗಾಗಿ ಮುರಿದ ಚಕ್ರಗಳೇ ಮನೆಗೆ ಬರುತ್ತಿದ್ದವು. ಒಂಬತ್ತನೇ ವಯಸ್ಸಿನಲ್ಲಿ ಅವರು ಕಡ್ಡಿ ಪೋಣಿಸಲು ಕಲಿತರು. ಹದಿನಾರಕ್ಕೆ ಬರುವಾಗ ತಂದೆಯ ಕಣ್ಣಿಗೆ ಪೊರೆ ಬಂತು. ಚಕ್ರದ ಸೊಟ್ಟ ತೆಗೆಯುವ ಸೂಕ್ಷ್ಮ ಕೆಲಸವೂ ಮಗಳ ಕೈಗೆ ಬಂತು. ಲತೀಫ್ ಬೆಳಿಗ್ಗೆ ಚಕ್ರಗಳನ್ನು ಹೆಗಲಿಗೆ ಹಾಕಿಕೊಂಡು ಅಂಗಡಿಗೆ ಹೋಗುತ್ತಿದ್ದರು. ಪಿರಿಯಾಪಟ್ಟಣದವರೆಗೂ ಜನ 'ಲತೀಫ್ ಸಾಬ್ರ ಕೈಗುಣ' ಎನ್ನುತ್ತಿದ್ದರು.

"ಯಾರೂ ಕೇಳ್ಲಿಲ್ಲ, ನಾನೂ ಯೋಳ್ಲಿಲ್ಲ," ಎನ್ನುತ್ತಾರೆ. "ಅಪ್ಪನ ಎಸರಲ್ಲಿ ಓಯ್ತಿತ್ತು. ನಮ್ಮಪ್ಪನ ಎಸರು ತಾನೇ ಬುಡಿ."

ಮದುವೆಯಾಗಿ ಪಿರಿಯಾಪಟ್ಟಣಕ್ಕೆ ಹೋದ ಮೇಲೆ ಹನ್ನೊಂದು ವರ್ಷ ಅವರು ಚಕ್ರ ಮುಟ್ಟಲಿಲ್ಲ. ಪತಿ ತಂಬಾಕು ಹರಾಜು ಕಟ್ಟೆಯಲ್ಲಿ ಬೇಲ್ ಎನ್ನುವ ಮೂಟೆ ಹೊರುವವರು. ಒಂದು ದಿನ ಬೇಲ್ ಜಾರಿ ಬೆನ್ನುಮೂಳೆಗೆ ಪೆಟ್ಟಾಯಿತು. ಭಾರ ಎತ್ತುವ ಕೆಲಸ ಅಲ್ಲಿಗೆ ನಿಂತಿತು. ಇಬ್ಬರೂ ಹುಣಸೂರಿಗೆ ಬಂದರು. ಅಷ್ಟು ಹೊತ್ತಿಗೆ ಲತೀಫ್ ತೀರಿಕೊಂಡು, ತಮ್ಮ ಫೈಸಲ್ ಅಂಗಡಿ ನೋಡಿಕೊಳ್ಳುತ್ತಿದ್ದರು. ಅಕ್ಕ ಹಿಂದಿನ ಕೋಣೆಯಲ್ಲಿ ಕೂತರು. ಈಗ ಅವರ ಮನೆಯ ಅಡುಗೆ ಪತಿಯದು. ಮಧ್ಯಾಹ್ನ ಒಂದೂವರೆಗೆ ಡಬ್ಬಿ ಹಿಡಿದು ನಿಧಾನವಾಗಿ ನಡೆದು ಬರುತ್ತಾರೆ.

ದಿನಕ್ಕೆ ಏಳೆಂಟು ಚಕ್ರ. ಮಾಮೂಲಿ ಸೈಕಲ್ಲಿನ ಹಿಂದಿನ ಚಕ್ರಕ್ಕೆ ನಲವತ್ತು ಕಡ್ಡಿ, ಮುಂದಿನದಕ್ಕೆ ಮೂವತ್ತೆರಡು. ಹೊಸದಾಗಿ ಕಟ್ಟಲು ಐವತ್ತು ನಿಮಿಷ ಸಾಕು. ಅವರ ಬಲಗೈ ಹೆಬ್ಬೆರಳಿನ ಗೆಣ್ಣು ಮೂರು ವರ್ಷದಿಂದ ಪೂರ್ತಿ ಮಡಚುವುದಿಲ್ಲ. ವೈದ್ಯರು ವಿಶ್ರಾಂತಿ ಹೇಳಿದ್ದಾರೆ. ಅವರು ನಟ್ಟು ತಿರುಗಿಸುವ ಕೆಲಸವನ್ನು ತೋರುಬೆರಳಿಗೂ ಮಧ್ಯದ ಬೆರಳಿಗೂ ವರ್ಗಾಯಿಸಿದ್ದಾರೆ. ಇಷ್ಟು ವರ್ಷ ಸೈಕಲ್ ಜೊತೆಗಿದ್ದರೂ ಅವರಿಗೆ ಸೈಕಲ್ ತುಳಿಯಲು ಬರುವುದಿಲ್ಲ.

ಆರು ವರ್ಷದ ಹಿಂದೆ ಸರಗೂರಿನ ದೈಹಿಕ ಶಿಕ್ಷಕ ರೇಣುಕಾಪ್ರಸಾದ್ ಒಂದು ಚಕ್ರ ಹಿಡಿದು ಈ ಅಂಗಡಿಗೆ ಬಂದರು. ಅದು ಅವರ ಶಿಷ್ಯೆ ಉಷಾರಾಣಿಯದು. ಸರಗೂರಿನಿಂದ ಒಂಬತ್ತು ಕಿಲೋಮೀಟರ್ ದೂರದ ಹಳ್ಳಿಯಿಂದ ಕಲ್ಲುದಾರಿಯಲ್ಲಿ ಶಾಲೆಗೆ ಸೈಕಲ್ ತುಳಿದು ಬರುತ್ತಿದ್ದ ಹುಡುಗಿ, ಆಗಷ್ಟೇ ರಾಜ್ಯಮಟ್ಟದ ಮೌಂಟನ್ ಬೈಕ್ ಸ್ಪರ್ಧೆಗಳಲ್ಲಿ ಹೆಸರು ಮಾಡುತ್ತಿದ್ದಳು. ಈ ಓಟ ಡಾಂಬರು ರಸ್ತೆಯದಲ್ಲ. ಬಂಡೆ, ಬೇರು, ಕಡಿದಾದ ಇಳಿಜಾರು, ಆಳೆತ್ತರದಿಂದ ನೆಲಕ್ಕೆ ನೆಗೆತ, ಇವೆಲ್ಲ ಇರುವ ನಾಲ್ಕು ಕಿಲೋಮೀಟರಿನ ಹಾದಿಯನ್ನು ಆರು ಸುತ್ತು ಹಾಕಬೇಕು. ಪ್ರತಿ ನೆಗೆತದ ಪೆಟ್ಟೂ ಚಕ್ರಕ್ಕೆ. ಕಾರ್ಖಾನೆಯ ಒಳ್ಳೆಯ ಚಕ್ರ ಕೊಳ್ಳುವುದು ಅವಳ ಮನೆಯವರಿಗೆ ಆಗದ ಮಾತು.

"ಮೂರು ಕಡೆ ತೋರ್ಸಿದ್ದೆ, ಬಿಸಾಕಿ ಅಂದ್ರು," ಎಂದು ರೇಣುಕಾಪ್ರಸಾದ್ ನೆನೆಯುತ್ತಾರೆ. "ಫೈಸಲ್ ನಾಳೆ ಬನ್ನಿ ಅಂದ. ಮಾರನೇ ದಿನ ನೋಡ್ತೀನಿ, ದಾರ ಹಿಡಿದಂಗೆ ನೆಟ್ಟಗಿತ್ತು. ಯಾರ್ ಮಾಡಿದ್ದು ಅಂದ್ರೆ ಬಾಯೇ ಬಿಡ್ಲಿಲ್ಲ. ಹೇಳೋತನಕ ಹೋಗಲ್ಲ ಅಂತ ಕೂತ್ಕೊಂಡೆ."

ಮುಂದೆ ಜೀನತುನ್ನೀಸಾ ಆ ಹೊಸ ಬಗೆಯ ಚಕ್ರವನ್ನು ಪೂರ್ತಿ ಬಿಚ್ಚಿ, ಕಡ್ಡಿಗಳು ಒಂದನ್ನೊಂದು ದಾಟುವ ರೀತಿಯನ್ನು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಂಡರು. ರಿಮ್ಮು, ನಡುವಿನ ಹಬ್ಬು, ಕಡ್ಡಿಗಳನ್ನು ಬಿಡಿಬಿಡಿಯಾಗಿ ಬೆಂಗಳೂರಿನಿಂದ ತರಿಸಿ ತಾವೇ ಕಟ್ಟಿಕೊಟ್ಟರು. ಅಂಥ ಒಂದು ಚಕ್ರಕ್ಕೆ ಏಳು ಗಂಟೆ ಬೇಕು. ಉಷಾರಾಣಿ ಆ ಚಕ್ರಗಳ ಮೇಲೆ ರಾಷ್ಟ್ರೀಯ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದಳು. ಎರಡು ವರ್ಷದ ಹಿಂದೆ ಏಷ್ಯಾ ಚಾಂಪಿಯನ್‌ಷಿಪ್ಪಿಗೆ ಆಯ್ಕೆಯಾದಳು.

ಅಲ್ಲಿ ಐದು ಸುತ್ತು ಮುಗಿದಾಗ ಅವಳು ಒಂಬತ್ತನೇ ಸ್ಥಾನದಲ್ಲಿದ್ದಳು. ಹತ್ತರೊಳಗೆ ಬಂದರೆ ವಿಶ್ವ ಚಾಂಪಿಯನ್‌ಷಿಪ್ಪಿನ ಶಿಬಿರಕ್ಕೆ ಹೆಸರು ಹೋಗುತ್ತಿತ್ತು. ಕೊನೆಯ ಸುತ್ತಿನ ಬಂಡೆಗಳ ಇಳಿಜಾರಿನಲ್ಲಿ ಹಿಂದಿನ ಚಕ್ರದ ಮೂರು ಕಡ್ಡಿಗಳು ಒಂದರ ಹಿಂದೊಂದು ಕಳಚಿದವು. ಚಕ್ರ ಸೊಟ್ಟಗಾಗಿ ಚೌಕಟ್ಟಿಗೆ ಸಿಕ್ಕಿಕೊಂಡಿತು. ರಿಪೇರಿ ಮಾಡಿಸಿಕೊಳ್ಳಬಹುದಾದ ಜಾಗ ಹಿಂದೆ ಉಳಿದಿತ್ತು. ನಿಯಮದ ಪ್ರಕಾರ ಹಾದಿಯಲ್ಲಿ ಹಿಂದಕ್ಕೆ ಹೋಗುವಂತಿಲ್ಲ. ಅವಳು ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಉಳಿದ ಒಂದೂವರೆ ಕಿಲೋಮೀಟರ್ ಓಡಿದಳು. ಇಪ್ಪತ್ತೊಂದನೇ ಸ್ಥಾನ ಸಿಕ್ಕಿತು. ಬಂಡೆಗೆ ಬಡಿದು ಚಕ್ರ ಹೋಯಿತೆಂದು ತಂಡದ ವರದಿಯಲ್ಲಿ ಅವಳೇ ಬರೆದಳು.

ಮುರಿದ ಚಕ್ರ ಹುಣಸೂರಿಗೆ ಬಂತು. ಜೀನತುನ್ನೀಸಾ ಟೈರು ಬಿಚ್ಚಿ ನೋಡಿದರು. ರಿಮ್ಮಿಗೆ ಕಲ್ಲು ಬಡಿದ ಗುರುತಿರಲಿಲ್ಲ. ಮೂರು ನಟ್ಟುಗಳ ತಲೆ ಹಾರಿಹೋಗಿತ್ತು. ಕಡ್ಡಿಗಳ ಉದ್ದ ಎರಡು ಮಿಲಿಮೀಟರ್ ಕಮ್ಮಿ ಇತ್ತು. ಗಿಡ್ಡ ಕಡ್ಡಿ ನಟ್ಟಿನ ತಲೆಯವರೆಗೆ ತುಂಬುವುದಿಲ್ಲ, ಪೆಟ್ಟು ಬಿದ್ದರೆ ಟೊಳ್ಳು ತಲೆ ಮುರಿಯುತ್ತದೆ.

ಕಾರಣ ಅವರಿಗೆ ಹೊಸದಾಗಿ ಹೊಳೆದದ್ದಲ್ಲ. ಆ ಸಲದ ರಿಮ್ಮಿನ ಮೇಲೆ ಹಿಂದಿನದೇ ಹೆಸರಿತ್ತು, ಒಳಗಿನ ಅಳತೆ ಬದಲಾಗಿತ್ತು. ಅವರು ಹಳೇ ಅಳತೆಗೇ ಕಡ್ಡಿ ತರಿಸಿದ್ದರು. ಕಟ್ಟುವಾಗ ಕಡ್ಡಿಯ ತುದಿ ನಟ್ಟಿನ ತಲೆಯವರೆಗೆ ಬಂದಿಲ್ಲವೆಂದು ಸ್ಕ್ರೂಡ್ರೈವರ್ ಒಳಗಿಳಿದ ಆಳದಲ್ಲೇ ಗೊತ್ತಾಗಿತ್ತು. ಹೊಸ ಕಡ್ಡಿ ಬರಲು ನಾಲ್ಕು ದಿನ ಬೇಕು. ಉಷಾರಾಣಿಯ ವಿಮಾನ ಎರಡು ದಿನಕ್ಕಿತ್ತು.

"ಗೊತ್ತಿತ್ತು ಕಣ್ರೀ. ಯಾಕ್ ಸುಳ್ಳು ಯೋಳ್ಲಿ? ತಡೀತದೆ ಬುಡು ಅಂದ್ಕಂಡೆ. ಮಾಮೂಲಿ ಸೈಕಲ್ಲಿಗೆ ತಡೀತಿತ್ತು. ಅದು ಮಾಮೂಲಿ ಸೈಕಲ್ಲಲ್ಲ, ಅದೂ ಗೊತ್ತಿತ್ತು."

ಎರಡು ದಿನ ಆ ಚಕ್ರ ಕೋಣೆಯ ಗೋಡೆಗೆ ಒರಗಿಕೊಂಡಿತ್ತು. ತಮ್ಮನಿಗೂ ಏನೂ ಹೇಳಲಿಲ್ಲ. ಮೂರನೇ ದಿನ ಮೂರು ನಟ್ಟುಗಳನ್ನು ಕಾಗದದಲ್ಲಿ ಸುತ್ತಿಕೊಂಡು, ಹುಣಸೂರಿನಿಂದ ಎಚ್.ಡಿ. ಕೋಟೆಗೆ, ಅಲ್ಲಿಂದ ಸರಗೂರಿಗೆ ಬಸ್ಸು ಹತ್ತಿ, ಆಟೋ ಹಿಡಿದು ಹಳ್ಳಿ ತಲುಪಿದರು. ಉಷಾರಾಣಿಯ ತಂದೆ ಗಂಗಾಧರಪ್ಪ ಅಂಗಳದಲ್ಲಿ ಹತ್ತಿ ಬಿಡಿಸುತ್ತಿದ್ದರು. ಇಷ್ಟು ದೂರ ಬಂದಿದ್ದಾರೆಂದು ಕುರ್ಚಿ ಹಾಕಿಸಿ, ಕಾಫಿಗೆ ಹೇಳಿದರು. ಜೀನತುನ್ನೀಸಾ ಕೂರಲಿಲ್ಲ. ಉಷಾರಾಣಿಯ ಅಂಗೈಗೆ ನಟ್ಟುಗಳನ್ನು ಹಾಕಿ, ನಡೆದದ್ದನ್ನು ಹೇಳಿದರು.

ಆ ಮಾತುಗಳನ್ನು ಇಬ್ಬರೂ ಒಂದೇ ರೀತಿ ನೆನೆಯುತ್ತಾರೆ.

"ಕಲ್ಲಿಗೆ ಬಡೀಲಿಲ್ವಾ ಅದು?"

"ಇಲ್ಲ ಕಣವ್ವಾ. ಕಡ್ಡಿ ಗಿಡ್ಡ ಆಗಿತ್ತು. ನಾನೇ ಆಕಿದ್ದು."

"ಗೊತ್ತಿದ್ದೂ ಕೊಟ್ರಾ?"

"ಗೊತ್ತಿದ್ದೂ ಕೊಟ್ಟೆ."

ಉಷಾರಾಣಿ ನಟ್ಟುಗಳನ್ನು ಜಗುಲಿಯ ಮೇಲಿಟ್ಟು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ಗಂಗಾಧರಪ್ಪ ಅವರನ್ನು ಬಸ್ಸಿನವರೆಗೆ ಬೈಕಿನಲ್ಲಿ ಬಿಟ್ಟುಬಂದರು.

"ಸಿಟ್ಟು ಬಂದಿತ್ತು. ಆ ಇಳಿಜಾರಲ್ಲಿ ನನ್ನ ಕುತ್ತಿಗೆ ಮುರೀಬಹುದಿತ್ತು," ಎನ್ನುತ್ತಾಳೆ ಇಪ್ಪತ್ನಾಲ್ಕರ ಉಷಾರಾಣಿ. ನಾಲ್ಕು ತಿಂಗಳು ಅವಳು ಹುಣಸೂರಿನ ಕಡೆ ಸುಳಿಯಲಿಲ್ಲ. ಪ್ರಾಯೋಜಕರೊಬ್ಬರು ಕೊಟ್ಟ ಕಾರ್ಖಾನೆ ಚಕ್ರಗಳಲ್ಲಿ ಎರಡು ಸ್ಪರ್ಧೆ ಓಡಿದಳು. ಅವು ಚೆನ್ನಾಗಿಯೇ ಇದ್ದವು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ.

ಹಾಗಾದರೆ ಯಾಕೆ ಮರಳಿದ್ದು? "ಐದು ವರ್ಷದಲ್ಲಿ ನನ್ನ ಬ್ರೇಕ್ ಫೇಲಾಗಿತ್ತು, ಚೈನ್ ಕಟ್ಟಾಗಿತ್ತು. ಕೇಳಿದ್ರೆ ಎಲ್ಲಾರೂ ನೀನು ಓಡ್ಸಿದ್ದೇ ಸರಿಯಿಲ್ಲ ಅಂದವ್ರೇ. ನಾನೂ ನಂಬ್ಕಂಡು ರಾತ್ರಿಯೆಲ್ಲಾ ಅತ್ತಿದೀನಿ. ಇವರು ಬಂದು ಹೇಳ್ದೇ ಇದ್ದಿದ್ರೆ, ಆ ಬಂಡೆ ಮೇಲೆ ನಾನೇ ಲೈನ್ ತಪ್ದೆ ಅಂತ ಸಾಯೋತನಕ ಅಂದ್ಕೊಂಡಿರ್ತಿದ್ದೆ."

ಅವಳು ಒಂದು ಷರತ್ತಿನೊಂದಿಗೆ ಬಂದಳು. ಚಕ್ರ ಕಟ್ಟುವ ಏಳು ಗಂಟೆಯೂ ತಾನು ಎದುರಿಗೆ ಕೂರಬೇಕು, ಪ್ರತಿ ಕಡ್ಡಿಯ ಅಳತೆಯನ್ನೂ ತಾನು ನೋಡಬೇಕು. ಜೀನತುನ್ನೀಸಾ ಇನ್ನೊಂದು ಮಣೆ ತಂದು ಹಾಕಿದರು. ಮೊದಲ ಚಕ್ರದ ದಿನ ಅಳತೆಯ ಅಂಕಿ ಬಿಟ್ಟರೆ ಇಬ್ಬರ ನಡುವೆ ಬೇರೆ ಮಾತಿರಲಿಲ್ಲ. ಎರಡನೇ ಚಕ್ರಕ್ಕೆ ಡಬ್ಬಿಯಲ್ಲಿ ಇಬ್ಬರ ಊಟ ಬಂತು. ನಾಲ್ಕನೇ ಚಕ್ರದ ನಡುವೆ ಉಷಾರಾಣಿ ಗೋಡೆಗೆ ಒರಗಿ ನಿದ್ದೆಹೋದಳು. ಆಮೇಲೆ ಕಾಯಲು ಬರುವುದನ್ನು ಬಿಟ್ಟಳು.

ಅವಳು ಬರದಿದ್ದರೂ ಈಗ ಕೆಲಸ ಅದೇ ಕ್ರಮದಲ್ಲಿ ನಡೆಯುತ್ತದೆ. ರಿಮ್ಮಿನ ಮೇಲೆ ಬರೆದ ಅಂಕಿಯನ್ನು ಜೀನತುನ್ನೀಸಾ ನಂಬುವುದಿಲ್ಲ. ಹಿತ್ತಾಳೆ ತಂತಿಯಿಂದ ತಾವೇ ಮಾಡಿಕೊಂಡ ಅಳತೆಗೋಲಿನಲ್ಲಿ ರಿಮ್ಮಿನ ನಾಲ್ಕು ಕಡೆ ಅಳೆಯುತ್ತಾರೆ. ಕಟ್ಟಿದ ಚಕ್ರವನ್ನು ಒಂದು ದಿನ ಸುಮ್ಮನೆ ಬಿಟ್ಟು, ಮರುದಿನ ಮೂವತ್ತೆರಡು ಕಡ್ಡಿಗಳನ್ನೂ ಮತ್ತೆ ಮೀಟಿ ನೋಡುತ್ತಾರೆ. ಕಡ್ಡಿಯ ತುದಿ ನಟ್ಟಿನ ಬಾಯಲ್ಲಿ ಕಾಣದಿದ್ದರೆ ಪೂರ್ತಿ ಬಿಚ್ಚುತ್ತಾರೆ. ಕಳೆದ ವರ್ಷ ಹಾಗೆ ಎರಡು ಸಲ ಬಿಚ್ಚಿದ್ದಾರೆ. ಒಮ್ಮೆ ಸ್ಪರ್ಧೆಗೆ ಮೂರೇ ದಿನವಿತ್ತು. ಚಕ್ರ ಆಗಲ್ಲ, ಬೇರೆ ನೋಡ್ಕೊಳ್ಳಿ ಎಂದು ಫೋನ್ ಮಾಡಿ ಹೇಳಿದರು. ಉಷಾರಾಣಿ ಆ ಸಲ ಕಾರ್ಖಾನೆ ಚಕ್ರದಲ್ಲಿ ಓಡಿದಳು.

ಕಳೆದ ವರ್ಷದ ಏಷ್ಯಾ ಚಾಂಪಿಯನ್‌ಷಿಪ್ಪಿನಲ್ಲಿ ಅವಳು ಹುಣಸೂರಿನ ಚಕ್ರಗಳ ಮೇಲೆ ಎಂಟನೆಯವಳಾಗಿ ಗುರಿ ಮುಟ್ಟಿದಳು. ಹೆಸರು ಶಿಬಿರಕ್ಕೆ ಹೋಯಿತು. ಇನ್ನು ಐದು ವಾರಕ್ಕೆ ವಿಶ್ವ ಚಾಂಪಿಯನ್‌ಷಿಪ್. ಅದಕ್ಕಾಗಿ ಕಟ್ಟಿದ ಎರಡು ಜೊತೆ ಚಕ್ರಗಳು ಬಟ್ಟೆ ಹೊದ್ದು ಕೋಣೆಯ ಅಟ್ಟದ ಮೇಲಿವೆ. ಏಷ್ಯಾದ ಆ ಓಟದ ವಿಡಿಯೊವನ್ನು ಜೀನತುನ್ನೀಸಾ ಫೈಸಲ್‌ರ ಫೋನಿನಲ್ಲಿ ನೋಡಿದ್ದಾರೆ. ಸವಾರರ ಮುಖ ಗುರುತು ಸಿಗಲಿಲ್ಲವಂತೆ. "ನಾನು ಚಕ್ರ ನೋಡ್ತಾ ಇದ್ದೆ. ಅಷ್ಟು ಎತ್ತರದಿಂದ ಬಿದ್ರೂ ಅಲ್ಲಾಡ್ಲಿಲ್ಲ. ಅದನ್ನ ಮೂರು ಸರ್ತಿ ಆಕ್ಸಿ ನೋಡ್ದೆ."

ಹೊರಡುವ ಹೊತ್ತಿಗೆ ಫೈಸಲ್ ನನ್ನನ್ನು ಅಂಗಡಿಯ ಬಾಗಿಲಲ್ಲಿ ತಡೆಯುತ್ತಾರೆ. ಅಕ್ಕ ಕೇಳಿಸಿಕೊಳ್ಳಬಾರದೆಂದು ದನಿ ತಗ್ಗಿಸುತ್ತಾರೆ. "ಆ ಮುರಿದೋದ ಚಕ್ರದ ವಿಚಾರ ಬರೀಬೇಡಿ ಸಾರ್. ಪೇಪರಲ್ಲಿ ಬಂದ್ರೆ ಗಿರಾಕಿಗಳು ಏನಂದ್ಕತಾರೆ? ಬೆಳ್ಳಿ ಗೆದ್ದಿದ್ದು, ಎಂಟನೇ ನಂಬರ್ ಬಂದಿದ್ದು ಬರೀರಿ, ಸಾಕು."

ಒಳಕೋಣೆಯಲ್ಲಿ ಸುತ್ತುತ್ತಿದ್ದ ಚಕ್ರ ನಿಲ್ಲುತ್ತದೆ.

"ಅದ್ನ ಬರೀದಿದ್ರೆ ಮಿಕ್ಕಿದ್ದೂ ಬರೀಬೇಡಿ," ಎನ್ನುತ್ತಾರೆ ಜೀನತುನ್ನೀಸಾ. ಒಳಗಿನಿಂದ ಮತ್ತೆ ದನಿ ಬರುತ್ತದೆ.

"ಎರಡು ಮಿಲಿಮೀಟ್ರು ಅಂತ ಸರ್ಯಾಗಿ ಬರ್ಕಳಿ. ಮೂರು ಅಂತ ಬರ್ದುಬುಟ್ಟೀರಿ. ಮೂರು ಕಮ್ಮಿ ಇರೋ ಕಡ್ಡೀನ ನಾನು ಯಾವತ್ತೂ ಆಕಿಲ್ಲ."