ನಮ್ಮ ಪ್ಲೇಯರ್ ದಪ್ಪಗಾದದ್ದು

ಮೂರು ವರ್ಷದ ಹಿಂದೆ ನಾನು ಜೆ.ಪಿ. ನಗರದ ಒಂದು ಸಣ್ಣ ಕಂಪನಿಯಲ್ಲಿ ಮುಖ್ಯ ಪ್ರೋಗ್ರಾಮರ್ ಆಗಿದ್ದೆ. ಸಂಗೀತ ಕಲಿಯುವವರಿಗಾಗಿ ನಾವೊಂದು ಆಡಿಯೊ ಪ್ಲೇಯರ್ ಮಾಡುತ್ತಿದ್ದೆವು. ಶ್ರುತಿ ಕೆಡಿಸದೆ ಹಾಡನ್ನು ನಿಧಾನಗೊಳಿಸುವುದು ಅದರ ಹೆಚ್ಚುಗಾರಿಕೆ. ವಿಂಡೋಸ್‌ಗೆ ಮಾತ್ರ ಇದ್ದಾಗ ಅದರ ಗಾತ್ರ ಹದಿನೆಂಟು ಎಂಬಿ. ಮ್ಯಾಕ್, ಲಿನಕ್ಸ್ ಬಳಸುವವರೂ ಕೇಳತೊಡಗಿದಾಗ, ಮೂರೂ ಕಡೆ ಓಡುವ ಒಂದೇ ಕೋಡ್ ಬರೆಯೋಣ ಎಂದು ಹಟ ಹಿಡಿದವನು ನಾನೇ. ಹೊಸದು ಇನ್ನೂರ ಅರವತ್ತು ಎಂಬಿ ಆಯಿತು.

ಯಾಕಷ್ಟು ದಪ್ಪ? ಕಲ್ಯಾಣ ಮಂಟಪಕ್ಕೆ ಹೊರಟ ಅಡುಗೆಯವರು, ಅಲ್ಲಿ ಏನಿದೆಯೋ ಏನಿಲ್ಲವೋ ಎಂದು ಒಲೆಯಿಂದ ಸೌಟಿನವರೆಗೆ ಎಲ್ಲವನ್ನೂ ಲಾರಿಗೆ ತುಂಬಿಕೊಳ್ಳುತ್ತಾರಲ್ಲ, ಹಾಗೆ. ಒಂದು ವ್ಯವಸ್ಥೆಯಲ್ಲಿ ಇರುವುದು ಇನ್ನೊಂದರಲ್ಲಿ ಇರುವುದಿಲ್ಲ. ಆದ್ದರಿಂದ ಆಡಿಯೊ ಬಿಚ್ಚುವ ಕೋಡೆಕ್, ಫಾಂಟ್, ಪರದೆ ಬಿಡಿಸುವ ಎಂಜಿನ್, ಎಲ್ಲವನ್ನೂ ನಾವೇ ಹೊತ್ತೆವು. ಬಟನ್‌ಗಳನ್ನೂ ವಿಂಡೋಸ್‌ನಿಂದ ಪಡೆಯದೆ ಚಿತ್ರದಂತೆ ನಾವೇ ಬಿಡಿಸಿಕೊಂಡೆವು.

ಬಿಡುಗಡೆಯಾದ ವಾರವೇ ಹನುಮಂತನಗರದ ತಬಲಾ ಮೇಷ್ಟ್ರು ನಾಗರಾಜಯ್ಯನವರ ಫೋನ್ ಬಂತು. ಅವರಿಗೆ ಕಣ್ಣು ಕಾಣದು. ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ನೆರವಿನಿಂದ ನಮ್ಮ ಪ್ಲೇಯರನ್ನು ವರ್ಷಗಳಿಂದ ಬಳಸುತ್ತಿದ್ದರು.

"ಸಾರ್, ಅಪ್‌ಡೇಟ್ ಆದ್ಮೇಲೆ ಇದು ಮೂಕ ಆಗೋಯ್ತು. ಯಾವ ಬಟನ್ನಿಗೆ ಹೋದ್ರೂ ಏನೂ ಹೇಳಲ್ಲ. ನಲವತ್ತು ವರ್ಷ ಒಬ್ನೇ ಪಾಠ ಮಾಡಿದೀನಿ. ಈಗ ಪಕ್ಕದಲ್ಲಿ ಯಾರಾದ್ರೂ ಕೂತ್ಕೋಬೇಕು ಅಂದ್ರೆ ಹೆಂಗೆ?"

ನನಗೆ ನಾಚಿಕೆಯಾಯಿತು. ನಾವು ಬಿಡಿಸಿದ ಬಟನ್ ಸ್ಕ್ರೀನ್ ರೀಡರ್ ಪಾಲಿಗೆ ಬರೀ ಚಿತ್ರ; ಓದಿ ಹೇಳಲು ಅದಕ್ಕೆ ಹೆಸರೇ ಸಿಗುತ್ತಿರಲಿಲ್ಲ. ಇಷ್ಟೆಲ್ಲ ಹೊತ್ತು ತಂದವರು, ಮೇಷ್ಟ್ರು ನೆಚ್ಚಿಕೊಂಡಿದ್ದ ಒಂದನ್ನೇ ಬಿಟ್ಟು ಬಂದಿದ್ದೆವು. ಮರುದಿನ ಬೆಳಿಗ್ಗೆಯೇ ಅವರ ಮನೆಗೆ ಹೋದೆ.

"ಸದ್ಯಕ್ಕೆ ಹಳೇದನ್ನೇ ಹಾಕ್ಕೊಡ್ತೀನಿ ಸಾರ್," ಎಂದೆ.

"ಹಾಕ್ಕೊಡಿ. ಆದ್ರೆ ನನ್ನಂಥೋರು ಇನ್ನೆಷ್ಟು ಜನ ಇದಾರೋ! ಎಲ್ರ ಮನೆಗೂ ಹೋಗ್ತೀರಾ?"

ಅದೇ ದಿನ ಆಫೀಸಿಗೆ ಮರಳಿ ಕೆಲಸಕ್ಕೆ ಕೂತೆ. ಬಟನ್ನಿನ ಹೆಸರನ್ನು ಸ್ಕ್ರೀನ್ ರೀಡರಿಗೆ ತಿಳಿಸುವ ಕ್ರಮ ಮೂರು ವ್ಯವಸ್ಥೆಗಳಲ್ಲೂ ಬೇರೆ ಬೇರೆ. ಮೂರಕ್ಕೂ ಪ್ರತ್ಯೇಕ ಕೋಡ್ ಬರೆಯಲು ಆರು ವಾರ ಹಿಡಿಯಿತು. ಇಳಿಯಲಿ ಎಂದು ಎಲ್ಲರೂ ಕಾಯುತ್ತಿದ್ದ ಗಾತ್ರ ಇನ್ನೂ ನಾಲ್ಕು ಎಂಬಿ ಏರಿತು.

ಮೇಷ್ಟ್ರ ಮನೆಗೆ ಮತ್ತೆ ಹೋಗಿ ಹೊಸದನ್ನು ಹಾಕಿದೆ. ಚಾಪೆಯ ಮೇಲೆ ಶಿಷ್ಯರು ಕಾದು ಕುಳಿತಿದ್ದರು. ಮೇಷ್ಟ್ರು ಟ್ಯಾಬ್ ಕೀಲಿ ಒತ್ತಿದರು. "ನಿಧಾನ, ಬಟನ್" ಎಂದಿತು ಕಂಪ್ಯೂಟರ್. ಇನ್ನೊಮ್ಮೆ ಒತ್ತಿ ಕೇಳಿ, ನನ್ನ ಕಡೆ ಮುಖ ತಿರುಗಿಸಿದರು.

"ಸರಿ ಸಾರ್, ನೀವಿನ್ನು ಹೊರಡಿ. ಪಾಠ ಶುರು ಮಾಡ್ಬೇಕು."

ಅಷ್ಟು ಖುಷಿಯಿಂದ ನಾನು ಯಾರ ಮನೆಯಿಂದಲೂ ಹೊರಬಿದ್ದಿಲ್ಲ. ಎಲ್ಲರಿಗೂ ಸಲ್ಲಬೇಕೆಂದರೆ ಒಂದಿಷ್ಟು ಭಾರ ಹೊರಲೇಬೇಕು. ಯಾರಿಗಾಗಿ ಹೊತ್ತೆವು ಎನ್ನುವುದು ಗೊತ್ತಿರಬೇಕು, ಅಷ್ಟೇ. ಮಿಕ್ಕ ಇನ್ನೂರ ಅರವತ್ತು ಎಂಬಿಗೆ ಯಾರು ಬೈದರೂ ತಲೆ ತಗ್ಗಿಸಿ ಕೇಳುತ್ತೇನೆ. ಆ ನಾಲ್ಕರ ಸುದ್ದಿಗೆ ಮಾತ್ರ ಯಾರೂ ಬರಬಾರದು.